ಹನ್ನೆರಡು ಸೆಕೆಂಡಿನ ಗಾಳಿ

ರಾಣೆಬೆನ್ನೂರಿನ ಆ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಏಳು ತಾಸು ಟಾಕಿಗೆ ಗಾಳಿ ತುಂಬಿದರೆ ಹನ್ನೆರಡು ಸೆಕೆಂಡು ಪ್ರಯೋಗ. ಶಬ್ದದ ಎರಡು ಪಟ್ಟು ವೇಗದಲ್ಲಿ ಗಾಳಿ ಕೊಳವೆಯೊಳಗಿನ ಉಕ್ಕಿನ ಪಟ್ಟಿಯ ಮೇಲೆ ಹಾಯ್ದುಹೋಗುತ್ತದೆ. ನುಣ್ಣಗೆ ಹೊರಟ ಗಾಳಿ ಎಲ್ಲಿ ಕದಡುತ್ತದೆ ಎಂಬುದು ಪದ್ಮಜಾಳ ಆರು ವರ್ಷದ ಪಿಎಚ್‌ಡಿ ಪ್ರಶ್ನೆ. ಸೂತ್ರದ ಪ್ರಕಾರ ಪಟ್ಟಿಯ ಅರ್ಧಕ್ಕೆ. ಆದರೆ ಆಗಾಗ, ಯಾವ ಸೂತ್ರಕ್ಕೂ ಮರ್ಯಾದೆ ಕೊಡದೆ, ಮೊದಲ ಬೆರಳಗಲದಲ್ಲೇ ಕದಡುತ್ತಿತ್ತು.

ಕಾರಣ ಹುಡುಕುತ್ತ ಅವಳು ಹತ್ತಿರದ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿಗೆ ಹೋಗಿ, ಸೀನುತ್ತ, ಶೀಶೆಗಳಲ್ಲಿ ಧೂಳು ಹಿಡಿದು ತಂದಳು. ಗಾಳಿಯಲ್ಲಿನ ಮೆಣಸಿನಕಾಯಿ ಧೂಳೇ ಅಪರಾಧಿ ಎಂದು ನಾಲ್ಕನೇ ಅಧ್ಯಾಯ ಬರೆದಳು. ಮಾರ್ಗದರ್ಶಕ ಋಷಿಕೇಶ ಸರ್ "ಇದು ನಮ್ಮ ಮಣ್ಣಿನ ವಿಜ್ಞಾನ" ಎಂದು ಹಿಗ್ಗಿದರು.

ಥೀಸಿಸ್ ಬೈಂಡಾಗಿ ಬಂದಿತ್ತು. ನಾಳೆ ಕೊಡದಿದ್ದರೆ ನೋಂದಣಿಯೇ ರದ್ದು. ಸಂಜೆಯ ಪ್ರಯೋಗ ಬರೀ ಮನಸ್ಸಿನ ಸಮಾಧಾನಕ್ಕೆ. ಗಾಳಿ ಮತ್ತೆ ಬೆರಳಗಲದಲ್ಲೇ ಕದಡಿತು. ಪಟ್ಟಿ ಕೂರಿಸುವುದು, ತೆಗೆಯುವುದು ಯಾವತ್ತೂ ಸಹಾಯಕ ಅಜ್ಜಪ್ಪನ ಕೆಲಸ. ಅವನು ಚಹಾಕ್ಕೆ ಹೋಗಿದ್ದರಿಂದ ಇವಳೇ ತೆಗೆದಳು. ತಾನು ಕನ್ನಡಿಯಂತೆ ತಿಕ್ಕಿಕೊಟ್ಟಿದ್ದ ಪಟ್ಟಿಯ ತುದಿಯಲ್ಲಿ ಮೂರು ಬೂದು ಗೆರೆ.

ಅಜ್ಜಪ್ಪ ಬಂದ.

"ಏನಿದು, ಅಜ್ಜಪ್ಪ?"

"ಇಬತ್ತಿರಿ ಬಾಯಾರ. ಇವತ್ತ ಅಮಾಸಿ ಅಲ್ರಿ?"

"ಪ್ರತಿ ಅಮಾಸಿಗೂ ಹಚ್ಚತೀರೇನು?"

"ಒಂದೂ ತಪ್ಪಿಸಿಲ್ರಿ. ನಮ್ಮ ಮೋಟೆಬೆನ್ನೂರಾಗ ಟ್ರ್ಯಾಕ್ಟರಿಗೆ, ಗಿರಣಿಗೆ ಹಚ್ಚತೇವಿ. ಇದೇನ ಪಾಪ ಮಾಡೇತ್ರಿ? ಹೊಲಸ ಕಾಣಬಾರದಂತ ಗಾಳಿ ಬಿಟ್ಟ ಮ್ಯಾಲ ನಾನ ಒರಸಿ ಕೊಡತಿದ್ದೆ. ಇವತ್ತ ನೀವ ಲಗೂ ಮಾಡೀರಿ."

ಗೋಡೆಯ ಕ್ಯಾಲೆಂಡರನ್ನೂ ಪ್ರಯೋಗದ ದಿನಚರಿಯನ್ನೂ ಪಕ್ಕಪಕ್ಕ ಹಿಡಿದಳು. ಈ ವರ್ಷದ ಕೆಟ್ಟ ಪ್ರಯೋಗಗಳೆಲ್ಲ ಅಮಾವಾಸ್ಯೆಯವು. ವಿಭೂತಿಯ ಗೆರೆಗೆ ತಾಕಿಯೇ ಗಾಳಿ ಕದಡುತ್ತಿತ್ತು; ಮೆಣಸಿನಕಾಯಿ ನಿರಪರಾಧಿ. ಸರ್‌ಗೆ ಫೋನು ಹಚ್ಚಿದಳು.

"ಮೆಣಸಿನಕಾಯಿ ಬೈಂಡ್ ಆಗ್ಯದವಾ, ಪದ್ಮಜಾ. ಇಬತ್ತಿ ಅಂದ್ರ ಪರೀಕ್ಷಕರು ನಕ್ಕೋತ ಇಬ್ಬರನ್ನೂ ಮನೀಗೆ ಕಳಸ್ತಾರ. ಸುಮ್ಮನ ಕೊಡು."

"ಆದ್ರ ಅದು ಖರೇ ಅಲ್ಲಲ್ರಿ, ಸರ್."

"ಖರೇ ಬರೀಲಿಕ್ಕೆ ಇನ್ನ ಆರು ವರ್ಷ ಅದಾವೇನು ನಿನ್ನ ಕಡೆ?"

ಇರಲಿಲ್ಲ. ಟಾಕಿಯಲ್ಲಿ ಗಾಳಿಯೂ ಇರಲಿಲ್ಲ. ಆರಕ್ಕೆ ಕರೆಂಟೂ ಹೋಯಿತು.

ಅವಳ ಕಣ್ಣು ತುಂಬಿದ್ದನ್ನು ಕಂಡು ಅಜ್ಜಪ್ಪ ಅದು ನಾಳಿನ ಅಂಜಿಕೆ ಎಂದುಕೊಂಡ. ಕಿಸೆಯಿಂದ ವಿಭೂತಿಯ ತುಂಡು ತೆಗೆದು, ನೀರು ಸೋಕಿಸಿ ಅಂಗೈಯಲ್ಲಿ ತೇದು, ಮುಂದೆ ಚಾಚಿದ. ಅವಳು ಕಿಟಕಿಯ ಬೆಳಕಿಗೆ ಪಟ್ಟಿಯನ್ನು ಹಿಡಿದು, ಅದರ ಹೊಳಪಿನಲ್ಲೇ ಮುಖ ನೋಡಿಕೊಂಡು, ಹಣೆಗೆ ಒಂದಿಷ್ಟು ಎಳೆದುಕೊಂಡಳು.

"ಇನ್ನೊಂದೀಟು ಹಚ್ಕೊರಿ ಬಾಯಾರ," ಎಂದ ಅಜ್ಜಪ್ಪ. "ನಾಳಿ ದೊಡ್ಡ ಕೆಲಸ ಐತಿ."