ನಾಕ ದಿನಾ ಇದ್ದ ಹೋಗ್ರಿ

ಕಾಲುವೆಗಳ ನಕ್ಷೆ ಬಿಡಿಸುವ ಯಶೋಧರಾಳಿಗೆ ಒಂದು ಗುತ್ತಿಗೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಹತ್ತೊಂಬತ್ತು ದಿನ ಸಿಕ್ಕಿದ್ದವು. ಅವಳು ಯಾವ ಕಂಪನಿಯ ನೌಕರಳೂ ಅಲ್ಲ. ಕೆಲಸ ಬಂದಾಗ ವಿಜಯಪುರದ ಸ್ಟೇಷನ್ ರಸ್ತೆಯ ಹಿಂದಿನ ಬಾಡಿಗೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ, ಮುಗಿದಾಗ ಏಳುತ್ತಾಳೆ. ಈ ಸಲ ಏಳುವುದನ್ನೂ ತಡವಾಗಿಯೇ ಮಾಡಬೇಕೆಂದು ನಿಶ್ಚಯಿಸಿದ್ದಳು.

ಮೊದಲ ನಾಲ್ಕು ದಿನ ಸುಖವೋ ಸುಖ. ಚಹಾ ಕುಡಿದು, ಅದು ಮುಗಿದದ್ದಕ್ಕೆ ಇನ್ನೊಂದು ಚಹಾ ಕುಡಿದಳು. ಅಂಗಡಿಯವರು ಶಟರ್ ಎತ್ತುವುದನ್ನು ನಿಂತು ನೋಡಿದಳು. ಬೇರೆಯವರ ದುಡಿಮೆ ನೋಡುವುದರಲ್ಲಿ ಇಷ್ಟು ರುಚಿಯಿದೆಯೆಂದು ನಲವತ್ತಾರು ವರ್ಷ ಯಾರೂ ಅವಳಿಗೆ ಹೇಳಿರಲಿಲ್ಲ. ಐದನೆಯ ದಿನ ಸಂಜೆ ಲೆಕ್ಕ ಹಾಕಿದರೆ, ಬೆಳಗಿನಿಂದ ಆಡಿದ್ದು ಎರಡೇ ಮಾತು: ‘ಅರ್ಧಾ ಲೀಟರ್’, ‘ಚಿಲ್ಲರ ಇಲ್ರಿ’. ಎರಡೂ ಹಾಲಿನವನಿಗೆ. ಕೆಲಸವಿದ್ದಾಗಲೂ ಆಡುವುದು ಇಷ್ಟೇ; ಆಗ ಅದಕ್ಕೆ ಏಕಾಗ್ರತೆ ಎಂಬ ಹೆಸರಿರುತ್ತಿತ್ತು.

ಆರನೆಯ ದಿನ ಬಸ್ ಹತ್ತಿದಳು. ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆದರೆ ಪುಕ್ಕಟೆ ಟಿಕೆಟ್ಟಿಗೂ ಒಂದು ಊರು ಬೇಕು.

“ಎಲ್ಲಿಗ್ರಿ?” ಎಂದ ಕಂಡಕ್ಟರ್.

“ಎಲ್ಲಿಗಿ ಹೊಂಟೈತ್ರಿ ಇದು?”

“ಬೋರ್ಡ್ ಓದಿ ಹತ್ತಬೇಕಲ್ರಿ ಅಕ್ಕಾರ. ತಿಕೋಟಾ.”

“ತಿಕೋಟಾನ ಕೊಡ್ರಿ.”

ತಿಕೋಟಾದಲ್ಲಿ ಇಳಿದು ಚಹಾ ಕುಡಿದು, ಅದೇ ಬಸ್ಸಿಗೆ ಮರಳಿ ಹತ್ತಿದಳು. ಕಂಡಕ್ಟರ್ ಅವಳ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ವಿಜಯಪುರದ ಟಿಕೆಟ್ ಕೊಟ್ಟ. ಪಕ್ಕದಲ್ಲಿ ಸೌಭಾಗ್ಯ ಎಂಬಾಕೆ ಕೂತಿದ್ದಳು. ತಿಕೋಟಾ ತವರುಮನೆ, ಬಬಲೇಶ್ವರ ಗಂಡನ ಮನೆ, ಗಂಡ ಟೇಲರ್; ಇಷ್ಟು ಮೊದಲ ಐದು ನಿಮಿಷದಲ್ಲೇ ತಿಳಿಯಿತು. ಊರು ಬರುವವರೆಗೆ ಇಬ್ಬರೂ ಬಾಯಿ ಮುಚ್ಚಲಿಲ್ಲ. ಇಳಿಯುವಾಗ ಸೌಭಾಗ್ಯ ಅವಳ ಕೈ ಹಿಡಿದಳು.

“ಬರ್ರಲಾ ಅಕ್ಕಾರ ನಮ್ಮ ಮನೀಗಿ. ಈರಯ್ಯ ಟೇಲರ್ ಅಂದ್ರ ಯಾರರೆ ತೋರಸ್ತಾರ. ನಾಕ ದಿನಾ ಇದ್ದ ಹೋಗೂವಂತ್ರಿ.”

ಈ ಸೀಮೆಯ ಕೂಸಿಗೂ ಇದರ ಉತ್ತರ ಗೊತ್ತು. ‘ಹೂನ್ರಿ, ಬರ್ತೀನಿ’ ಎನ್ನಬೇಕು, ಹೋಗಬಾರದು. ಯಶೋಧರಾ ‘ಹೂನ್ರಿ, ಬರ್ತೀನಿ’ ಎಂದಳು. ಮರುದಿನ ಚೀಲದಲ್ಲಿ ನಾಲ್ಕು ದಿನದ ಬಟ್ಟೆ ತುಂಬಿಕೊಂಡು ಬಬಲೇಶ್ವರಕ್ಕೆ ಹೋದಳು.

ಬಾಗಿಲು ತೆರೆದ ಸೌಭಾಗ್ಯಳ ಮುಖದಲ್ಲಿ ಗುರುತು ಮೂಡಲು ಸ್ವಲ್ಪ ಹೊತ್ತು ಹಿಡಿಯಿತು.

“ಮದುವಿ ಕಾರ್ಡ್ ಕೊಡಾಕ ಬಂದ್ರೇನ್ರಿ?... ಅಯ್ಯ, ನಿನ್ನಿ ಬಸ್ಸಿನ ಅಕ್ಕಾರು! ಬರ್ರಿ, ಬರ್ರಿ!”

ಮಂಡಕ್ಕಿಯ ಸುಸಲಾ ಬಂತು, ಚಹಾ ಬಂತು. ಈರಯ್ಯ ಕೊರಳಿನ ಟೇಪು ತೆಗೆದಿಟ್ಟು ಎದುರಿಗೆ ಕೂತ.

“ಈ ಕಡೆ ಏನರೆ ಕೆಲಸಾ ಇತ್ರಿ?”

“ಇಲ್ರಿ. ಸುಮ್ನ ಬಂದೆ.”

“ಹಂಗಲ್ರಿ, ಏನರೆ ಆಫೀಸಿನ ಕೆಲಸಾ...”

“ಇಲ್ರಿ, ಸುಮ್ನ.”

ಆ ಮಾತು ಮನೆಯ ನಡುವೆ ವಾರಸುದಾರರಿಲ್ಲದ ಗಂಟಿನಂತೆ ಬಿದ್ದಿತ್ತು. ಮಂಚದ ಮೇಲಿದ್ದ ಅತ್ತೆ ಶಂಕ್ರೆವ್ವ ಚೀಲವನ್ನೇ ನೋಡುತ್ತಿದ್ದಳು.

“ಸುಮ್ನ ಯಾರ ಬರ್ತಾರ? ಪಾಲಿಸಿ ಮಾಡಸಾಕ ಬಂದೀಯೇನ ಬೇ? ನನ್ನ ಹೆಸರಲೆ ಮಾತ್ರ ಬ್ಯಾಡವಾ. ಆಮ್ಯಾಲ ಇವರು ದಾರಿ ಕಾಯ್ತಾರ.”

ಎಲ್ಲರೂ ನಕ್ಕರು. ಯಶೋಧರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾಲ್ಕು ಜನ ಒಟ್ಟಿಗೆ ನಗುವ ಮನೆಯಲ್ಲಿ ಒಂದು ರಾತ್ರಿಯಾದರೂ ಮಲಗಿ ಏಳಬೇಕು, ಅಷ್ಟೇ ಅವಳ ಆಸೆ. ಅಷ್ಟರಲ್ಲಿ ಗಂಡಹೆಂಡತಿ ಒಳಗೆ ಹೋದರು. ಅಡುಗೆಮನೆಯ ಪಿಸುಮಾತು ಕೇಳಿಸಬಾರದಷ್ಟು ಕೇಳಿಸಿತು.

“ಎಷ್ಟ ದಿನಾ ಇರ್ತಾರಂತ?”

“ನಾ ಹೆಂಗ ಕೇಳ್ಲಿ? ನಾನ ಕರದೀನಿ.”

“ಕರದೀ ಅಂದ್ರ?”

“ಹಂಗ ಕರದೆ. ಎಲ್ಲಾರ್ನೂ ಕರೀತೀವಲ್ಲ!”

ಅವರು ಹೊರಗೆ ಬಂದಾಗ ಯಶೋಧರಾ ಎದ್ದು ನಿಂತಿದ್ದಳು. “ಮರತಿದ್ದೆ ನೋಡ್ರಿ. ಸಾರವಾಡದಾಗ ಕಾಲುವಿ ಕೆಲಸಾ ಐತಿ. ಹೊಂಡ್ತೀನಿ.”

“ಸಾರವಾಡ ಹಿಂದ ಉಳೀತಲ್ರಿ!” ಎಂದ ಈರಯ್ಯ.

“ನಿಮ್ಮನ್ನ ಮಾತಾಡಿಸಿ ಹೋಗೂಣಂತ ಮುಂದ ಬಂದೆ.”

ಮನೆಗೆ ಉಸಿರು ಬಂತು. ಕೆಲಸವಿದ್ದು ಬಂದವಳು! ಸೌಭಾಗ್ಯಳ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು. ಚೀಲ ಹಿಡಿದು ಎಳೆದಳು, “ಹಂಗ ಹೋಗ್ತಾರೇನ್ರಿ? ನಾಕ ದಿನಾ ಇದ್ದ ಹೋಗ್ರಿ!” ಈಗ ಅದು ಧೈರ್ಯವಾಗಿ ಎಳೆಯಬಹುದಾದ ಚೀಲ. ಯಶೋಧರಾ ಮೆಲ್ಲಗೆ ಬಿಡಿಸಿಕೊಂಡಳು.

ಈರಯ್ಯ ಬಸ್ಸಿಗೆ ಬಿಡಲಿಲ್ಲ. ಮೋಟಾರ್ ಸೈಕಲ್ಲಿನ ಮೇಲೆ ಸಾರವಾಡದವರೆಗೆ ತಾನೇ ಕರೆತಂದ. ಅಲ್ಲಿಯೂ ಒಬ್ಬಳನ್ನೇ ಬಿಟ್ಟು ಹೋಗುವ ಜನವಲ್ಲ. ಚಹಾದಂಗಡಿಯ ಬೆಂಚಿನ ಮೇಲಿದ್ದ ಮುದುಕನನ್ನು ಕೂಗಿದ.

“ಬುಡ್ಡೇಸಾಬಕಾಕಾ, ಕಾಲುವಿ ಮೇಡಂ ಬಂದಾರ. ನೋಡ್ಕೋರಿ.”

ಬೈಕು ಹೋಯಿತು. ಸುಳ್ಳು ಉಳಿಯಿತು. ಬುಡ್ಡೇಸಾಬ ಮನೆಯಿಂದ ಮಡಚಿದ ನಕ್ಷೆಯೊಂದನ್ನು ತಂದು ಬೆಂಚಿನ ಮೇಲೆ ಹಾಸಿದ.

“ಇದರಾಗ ನನ್ನ ಹೊಲಾ ಎಲ್ಲೈತಿ, ತೋರಸ್ರಿ.”

“ನಾ ಸರಕಾರದಾಕಿ ಅಲ್ರಿ. ನನಗ ಇಲ್ಲಿ ಕೆಲಸಾನೂ ಇಲ್ಲ.”

“ಛಲೋ ಆತ ಬಿಡ್ರಿ, ಗಡಿಬಿಡಿ ಇಲ್ಲ. ಓದಾಕ ಬರ್ತೈತಿಲ್ಲ?”

ಯಶೋಧರಾ ತಲೆಕೆಳಗಾಗಿದ್ದ ನಕ್ಷೆಯನ್ನು ತಿರುಗಿಸಿದಳು. ಮುದುಕ ಇಷ್ಟು ದಿನ ಪಕ್ಕದವರ ಹೊಲವನ್ನು ತನ್ನದೆಂದುಕೊಂಡಿದ್ದ. ಸುದ್ದಿ ತಿಳಿದು ಆ ಪಕ್ಕದವರೂ ಬಂದರು. ‘ನನ್ನ ಬಾಂವಿ?’ ‘ನಮ್ಮ ಬದು?’ ಎಂದು ಆರೇಳು ತಲೆ ಅವಳ ಭುಜದ ಮೇಲೆ ಬಗ್ಗಿದವು. ತಂಬಾಕಿನ ವಾಸನೆ, ಬೆವರಿನ ವಾಸನೆ. ಅವಳು ಯಾರು, ಯಾಕೆ ಬಂದಳು, ಯಾರೂ ಕೇಳಲಿಲ್ಲ. ಅವಳ ಬೆರಳು ಎಲ್ಲಿ ಹೋಗುತ್ತದೋ ಅಲ್ಲಿಗೆ ಎಲ್ಲರ ಕಣ್ಣು.

ಬಿಸಿಲು ಇಳಿದಾಗ ವಿಜಯಪುರದ ಬಸ್ ಬಂತು.

“ನಾಳೆ ನಮ್ಮ ತಮ್ಮ ಅವನ ನಕ್ಷಾ ತರ್ತಾನ. ಬರ್ತೀರೇನ್ರಿ?” ಎಂದ ಬುಡ್ಡೇಸಾಬ.

“ಹೂನ್ರಿ, ಬರ್ತೀನಿ,” ಎಂದು ಅವಳು ಮೆಟ್ಟಿಲು ಹತ್ತಿದಳು.

ಮುದುಕ ಬಾಗಿಲ ಕಂಬಿ ಬಿಡಲಿಲ್ಲ. “ಹಂಗಲ್ರಿ. ಎಷ್ಟ ಗಂಟೆಕ್ಕ?”

ರಜೆ ಇನ್ನೂ ಹನ್ನೆರಡು ದಿನ ಉಳಿದಿತ್ತು. ಕಂಡಕ್ಟರ್ ಸೀಟಿ ಬಾಯಿಗಿಟ್ಟು ಕಾಯುತ್ತಿದ್ದ.

“ಎಂಟಕ್ಕ,” ಎಂದಳು ಯಶೋಧರಾ.