ಸದನದಲ್ಲಿ ಅಕ್ಕ ಹೇಳದ ಮಾತು

ಎಲ್ಲರೂ ಮಲಗಿದ ಮೇಲೆ ಅಮ್ಮನ ಕೋಣೆಯಿಂದ ಟಿಣ್ ಎಂದು ಸದ್ದು ಬಂತು. ಸ್ಟೀಲ್ ಲೋಟಕ್ಕೆ ಚಮಚ ತಗುಲಿದ ಸದ್ದು. ಬೇರೆ ಮನೆಯವರಾಗಿದ್ದರೆ ಬೆಕ್ಕು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದರ ಅರ್ಥ ಒಂದೇ: ಸದನ ಸೇರಬೇಕು.

ನನ್ನ ಅಕ್ಕ ಶಾಸಕಿ. ವಿಧಾನಸಭೆಯಲ್ಲಿ ಅವಳಿಗೆ ‘ಮಾತ್ರೆ ಮೇಡಂ’ ಎಂದು ಅಡ್ಡಹೆಸರು. ಸಣ್ಣ ಆಸ್ಪತ್ರೆಗಳಲ್ಲೂ ನೋವಿನ ಔಷಧಿ ಇರಲೇಬೇಕೆಂದು ಹಟ ಹಿಡಿದು ಕಾನೂನು ಮಾಡಿಸಿದವಳು. ರೋಗಿಯ ಪಕ್ಕದಲ್ಲಿ ರಾತ್ರಿ ಕಳೆಯುವವರಿಗೆ ಕಾಲು ಚಾಚಬಹುದಾದ ಕುರ್ಚಿ ಕೊಡಿಸಿದವಳು. ಅದಕ್ಕಾಗಿ ಅವಳು ಹಲವು ಅಧಿವೇಶನ ಗಂಟಲು ಹರಿದುಕೊಂಡಿದ್ದಳು. ‘ಮೇಡಂಗೆ ಕುರ್ಚಿಯದೇ ಚಿಂತೆ’ ಎಂದು ಯಾರೋ ರೇಗಿಸಿದಾಗ, ‘ಹೌದು, ನಿಮ್ಮ ಹಾಗೇ. ಆದ್ರೆ ನಂಗಲ್ಲ’ ಎಂದಿದ್ದಳು.

ಅವಳ ಭಾಷಣಗಳನ್ನು ಅಂಗೈಯಗಲದ ಕಾರ್ಡುಗಳ ಮೇಲೆ ಬರೆದು, ಮೂಲೆಯಲ್ಲಿ ಸಂಖ್ಯೆ ಹಾಕಿ ಕೊಡುವುದು ನನ್ನ ಕೆಲಸ. ಭಾಷಣದ ಹಿಂದಿನ ಸಂಜೆ ಊಟದ ಮೇಜಿನ ಸುತ್ತ ನಮ್ಮದೇ ಒಂದು ಸದನ ಸೇರುತ್ತದೆ. ಅಮ್ಮ ಸಭಾಧ್ಯಕ್ಷೆ, ಲೋಟ ಚಮಚ ಅವಳ ಅಧಿಕಾರ. ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿರುವ ಭಾವ ಒಬ್ಬರೇ ಇಡೀ ವಿರೋಧ ಪಕ್ಷ. ಕೂಗುವುದು ಅವರಿಗೆ ಅಭ್ಯಾಸವಾಗಿದೆ. ಅಮ್ಮ ‘ಕಡತದಿಂದ ತೆಗೀರಿ’ ಎಂದರೆ ಆ ವಾಕ್ಯ ಮುಗಿಯಿತು; ಮೇಲ್ಮನವಿ ಇಲ್ಲ. ‘ಉದಾತ್ತ’ ಎಂಬ ಪದವನ್ನು ಅಮ್ಮ ಎಷ್ಟು ಸಲ ಕಡತದಿಂದ ತೆಗೆಸಿದ್ದಾಳೋ ಲೆಕ್ಕವಿಲ್ಲ.

ಈ ಸಲದ ಮಸೂದೆ ಕುರ್ಚಿಯಷ್ಟು ಸುಲಭದ್ದಲ್ಲ. ವಾಸಿಯಾಗದ ಕಾಯಿಲೆಯ ಕೊನೆಯಲ್ಲಿರುವವರು, ತಾವೇ ಕೇಳಿಕೊಂಡರೆ, ಇಬ್ಬರು ವೈದ್ಯರು ಒಪ್ಪಿದರೆ, ಸಾಯಲು ವೈದ್ಯರ ನೆರವು ಪಡೆಯಬಹುದು. ಮನೆಯವರು ಅವರ ಪರವಾಗಿ ಕೇಳುವಂತಿಲ್ಲ. ಕೇಳಿದವರು ಕೊನೆಯ ಗಳಿಗೆಯಲ್ಲೂ ‘ಬೇಡ’ ಎನ್ನಬಹುದು. ಪತ್ರಿಕೆಗಳು ಇದನ್ನು ದಯಾಮರಣ ಎಂದು ಕರೆದವು. ಆ ಪದ ನನ್ನ ಕಾರ್ಡುಗಳಲ್ಲಿ ಬರದಂತೆ ನೋಡಿಕೊಂಡೆ. ದಯೆ ಎಂದಾಗ ಯಾರೋ ಮೇಲೆ ನಿಂತು ಕೊಟ್ಟ ಹಾಗಾಗುತ್ತದೆ.

ಪಕ್ಷಗಳು ಮತವನ್ನು ಸದಸ್ಯರ ಮನಸ್ಸಿಗೇ ಬಿಟ್ಟಿದ್ದವು. ಲೆಕ್ಕ ಕತ್ತಿಯ ಅಂಚಿನ ಮೇಲಿತ್ತು. ವಿರೋಧಿಗಳಿಗೆ ಮೀಸೆ ಡಾಕ್ಟರು ಎಂಬ ಹಿರಿಯ ಸದಸ್ಯರೇ ಬೆನ್ನೆಲುಬು. ಅವರು ಅಲ್ಲಾಡಿದರೆ ಇನ್ನೂ ನಾಲ್ಕೈದು ಜನ ಅಲ್ಲಾಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಭಾಷಣದ ಹಿಂದಿನ ಸಂಜೆ ಊಟದ ಮೇಜಿನಲ್ಲಿ ಅಕ್ಕ ಹೊಸದೊಂದು ಕಾರ್ಡು ತಾನೇ ಬರೆದು ತಂದು ಓದಿದಳು: “ನನ್ನ ಮನೆಯಲ್ಲೂ ಒಂದು ಕೋಣೆಯಿದೆ. ಅಲ್ಲಿ ನನ್ನ ತಾಯಿ, ವಾಸಿಯಾಗದ ರಕ್ತದ ಕಾಯಿಲೆಯೊಂದಿಗೆ...”

ಭಾವ ಕೂಗಲಿಲ್ಲ. ಅಮ್ಮ ಚಮಚವನ್ನೇ ನೋಡುತ್ತಾ, “ಮುಂದುವರಿಸಿ” ಎಂದಳು, ಅಷ್ಟೇ.

ಆ ರಾತ್ರಿ ಟಿಣ್ ಎಂದಾಗ ನಾನು ಎದ್ದು ಅಮ್ಮನ ಕೋಣೆಗೆ ಹೋದೆ. ಅಮ್ಮ ತನಗೂ ಈ ಕಾನೂನು ಬೇಕು ಎಂದುಬಿಟ್ಟರೆ? ತಿಂಗಳುಗಳಿಂದ ನನಗಿದ್ದ ಭಯ ಅದೊಂದೇ.

ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. “ಬಾಗಿಲು ಹಾಕು. ಗುಪ್ತ ಅಧಿವೇಶನ.”

“ನೋವಾ ಅಮ್ಮಾ?”

“ನೋವು ಅದರ ಪಾಡಿಗೆ ಇದೆ. ಆ ಕಾರ್ಡು ತೆಗಿ.”

“ಅಂದ್ರೆ... ನಿಂಗೆ ಮಸೂದೆನೇ ಇಷ್ಟ ಇಲ್ವಾ?”

“ಮಸೂದೆ ಗೆಲ್ಲಲಿ ಕಣೆ. ಬೇಕಾದವ್ರಿಗೆ ಇರ್ಲಿ. ನಂಗೆ ಬೇಕೋ ಬೇಡ್ವೋ ಅಂತ ನಂಗೇ ಇನ್ನೂ ಗೊತ್ತಿಲ್ಲ. ನೀನು ಹಾಗೆ ಮುಖ ಮಾಡ್ಬೇಡ, ಇವತ್ತಂತೂ ನಂಗೆ ಬೇಡ. ಆದ್ರೆ ಆ ಕಾರ್ಡಲ್ಲಿ ನಾನಿರಬಾರ್ದು.”

“ಯಾಕೆ?”

ಅಮ್ಮ ದನಿ ತಗ್ಗಿಸಿದಳು. “ಪೋಸ್ಟ್ ಮಾಸ್ತರಮ್ಮಂಗೆ ನಾನು ಮಂಡಿನೋವು ಅಂತ ಹೇಳಿದೀನಿ.”

ಪೋಸ್ಟ್ ಮಾಸ್ತರಮ್ಮ ಎಂದರೆ ಎದುರು ಮನೆಯ ನಿವೃತ್ತ ಅಂಚೆ ಅಧಿಕಾರಿಣಿ. ದಿನಾ ಮಧ್ಯಾಹ್ನ ಅಮ್ಮನ ಜೊತೆ ಇಸ್ಪೀಟು ಆಡಲು ಬರುತ್ತಾರೆ. ಇಬ್ಬರೂ ಹಾವು ಮುಂಗುಸಿಯ ಹಾಗೆ ಆಡುತ್ತಾರೆ.

“ನಾಳೆ ಟೀವೀಲಿ ನಿಮ್ಮಕ್ಕ ನನ್ನ ಕಾಯಿಲೆ ಊರಿಗೆಲ್ಲ ಸಾರಿದ್ರೆ ಏನಾಗತ್ತೆ ಗೊತ್ತಾ? ಆ ಹೆಂಗ್ಸು ಅಳುಮೋರೆ ಹಾಕ್ಕೊಂಡು ಬರ್ತಾಳೆ. ಬೇಕಂತ ಸೋಲ್ತಾಳೆ! ಮೂವತ್ತು ವರ್ಷ ಅವಳನ್ನ ನಿಯತ್ತಾಗಿ ಸೋಲಿಸಿದೀನಿ. ಸಾಯೋ ಮುಂಚೆ ಭಿಕ್ಷೆಯ ಗೆಲುವು ಬೇಕಾ ನಂಗೆ?”

ನಗು ಬಂತು, ಕಣ್ಣಲ್ಲಿ ನೀರೂ ಬಂತು. “ನೀನೇ ಅಕ್ಕಂಗೆ ಹೇಳಮ್ಮ.”

“ಹೇಳಿದ್ರೆ ಅವಳು ಮಸೂದೆ ಬಿಟ್ಟು ಮಂಚದ ಪಕ್ಕ ಕೂತು ‘ಅಮ್ಮಾ, ತಪ್ಪಾಯ್ತಾ’ ಅಂತಾಳೆ. ನಾಳೆ ಅವಳು ಎದೆ ಎತ್ತಿ ನಿಲ್ಬೇಕು. ಕಡತದಿಂದ ತೆಗಿ. ಇದು ಪೀಠದ ಆದೇಶ.”

ಬೆಳಗಾಗುವವರೆಗೂ ನಾನು ಕಣ್ಣು ಮುಚ್ಚಲಿಲ್ಲ. ಆ ಕಾರ್ಡಿಲ್ಲದೆ ಮೀಸೆ ಡಾಕ್ಟರು ಅಲ್ಲಾಡುವುದಿಲ್ಲ. ಮಸೂದೆ ಬಿದ್ದರೆ ಅದಕ್ಕೆ ಕಾರಣ ನಾನೇ. ಕಾರ್ಡು ಉಳಿಸಿದರೆ ಅಮ್ಮನ ಮಧ್ಯಾಹ್ನಗಳನ್ನು ಕೊಂದವಳು ನಾನೇ. ಅತ್ತ ದರಿ ಇತ್ತ ಪುಲಿ. ಅಕ್ಕ ಸ್ನಾನಕ್ಕೆ ಹೋದಾಗ ಆ ಕಾರ್ಡನ್ನು ಹೊರತೆಗೆದು, ಉಳಿದವಕ್ಕೆ ಹೊಸ ಸಂಖ್ಯೆ ಹಾಕಿ, ಕಟ್ಟನ್ನು ಮತ್ತೆ ಅವಳ ಚೀಲದಲ್ಲಿಟ್ಟೆ. ದಾರಿಯಲ್ಲಿ ಅಕ್ಕ ಅದನ್ನು ತೆರೆದು ನೋಡಲಿಲ್ಲ. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಪ್ರೇಕ್ಷಕರ ಗ್ಯಾಲರಿಯ ಮುಂದಿನ ಸಾಲಲ್ಲಿ ಕೂತೆ. ಅಕ್ಕ ಚೆನ್ನಾಗಿ ಮಾತಾಡುತ್ತಿದ್ದಳು. ನೋವಿನ ಔಷಧಿಯ ಕಾನೂನಿನಿಂದ ಶುರುಮಾಡಿ, ಅದು ಎಲ್ಲಿ ಸಾಕಾಯಿತು, ಎಲ್ಲಿ ಸಾಲದೆ ಹೋಯಿತು ಎಂದು ಬಿಡಿಸಿ ಹೇಳಿದಳು. ಹಿಂದಿನ ಸಾಲಿನಲ್ಲಿ ಆಕಳಿಸುತ್ತಿದ್ದವರೂ ಬಾಯಿ ಮುಚ್ಚಿದರು. ಆಮೇಲೆ ಕೈಯಲ್ಲಿದ್ದ ಕಾರ್ಡಿನ ಕೊನೆಯ ಸಾಲು ಓದಿದಳು: “ಈಗ, ನನ್ನ ಮನೆಯೊಳಗಿನ ಒಂದು ಮಾತು ಹೇಳುತ್ತೇನೆ.”

ಕಾರ್ಡು ತೆಗೆದಿದ್ದೆ, ಅದಕ್ಕೆ ದಾರಿ ಮಾಡಿಕೊಡುವ ಸಾಲು ಹಿಂದಿನ ಕಾರ್ಡಿನ ತಳದಲ್ಲೇ ಉಳಿದಿತ್ತು. ಪದ ತೂಗಿ ತೂಗಿ ಬರೆಯುವವಳು ಅಂತ ಹೆಸರು ಬೇರೆ ನನಗೆ.

ಅಕ್ಕ ಕಾರ್ಡು ತಿರುಗಿಸಿದಳು. ಅಲ್ಲಿ ಇದ್ದದ್ದು ಇಬ್ಬರು ವೈದ್ಯರ ಅರ್ಹತೆಯ ವಿವರ. ಹಿಂದಿನದನ್ನು ನೋಡಿದಳು. ಮುಂದಿನದನ್ನು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಅವಳು ಕಾರ್ಡುಗಳನ್ನು ಮೇಜಿನ ಮೇಲಿಟ್ಟು, “ಬೇಡ. ಅದು ಮನೆಯಲ್ಲೇ ಇರಲಿ,” ಎಂದು ಕೂತುಬಿಟ್ಟಳು.

ಮೀಸೆ ಡಾಕ್ಟರು ಎದ್ದರು. ನಾನು ಕುರ್ಚಿಯ ಕೈ ಹಿಡಿದುಕೊಂಡೆ.

“ಅಧ್ಯಕ್ಷರೇ, ಈ ಚರ್ಚೆ ಶುರುವಾದಾಗಿನಿಂದ ಎಲ್ಲರೂ ತಮ್ಮ ಮನೆಯ ಸಾವನ್ನ ಇಲ್ಲಿಗೆ ಎಳ್ಕೊಂಡು ಬಂದ್ರು. ನಾನೂ ನನ್ನ ಹೆಂಡತಿಯ ಸಾವನ್ನ ತಂದೆ. ಅವಳನ್ನ ಕೇಳಿ ತಂದೆನಾ? ಇಲ್ಲ. ಕಾಯಿಲೆಯವರ ಮಾತು ಅವರದ್ದೇ ಅನ್ನೋದು ಈ ಮಸೂದೆ. ಹೇಳೋ ಹೊಸ್ತಿಲಲ್ಲಿ ಬಾಯಿ ಮುಚ್ಚಿ ಅದನ್ನ ಮಾಡಿ ತೋರಿಸಿದ್ದು ಈಯಮ್ಮ ಒಬ್ರೇ. ನಂಗಿನ್ನೂ ಅನುಮಾನಗಳಿವೆ. ಆದ್ರೆ ಈ ಮಸೂದೆ ಇಲ್ಲೇ ಸಾಯೋದು ಬೇಡ, ಸಮಿತಿಗೆ ಹೋಗ್ಲಿ. ನನ್ನ ಮತ ಹೌದು.”

ಕೂದಲೆಳೆಯಲ್ಲಿ ಗೆದ್ದೆವು. ಕಾರಿನಲ್ಲಿ ಅಕ್ಕ ತಲೆ ಹಿಂದಕ್ಕೆ ಒರಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಕಾರ್ಡು ಎಲ್ಲೋ ಬಿದ್ದೋಗಿದೆ ನೋಡು! ನಾನು ಅದನ್ನ ಹುಡುಕ್ತಾ ಇದ್ದೆ. ಅವ್ರೆಲ್ಲ ನಾನು ದುಃಖ ನುಂಗ್ತಾ ಇದೀನಿ ಅಂದ್ಕೊಂಡ್ರು.”

“ಬಾಯಿಪಾಠ ಬರ್ತಿತ್ತಲ್ವಾ ನಿಂಗೆ?”

ಅಕ್ಕನ ನಗು ನಿಂತಿತು. “ಬರ್ತಿತ್ತು. ಕಾಗದ ನೋಡಿ ಓದೋದಾದ್ರೆ ಓದ್ಬಿಡ್ತಿದ್ದೆ. ಕಾಗದ ಇಲ್ದೆ ನಾಲಿಗೆ ಏಳ್ಲಿಲ್ಲ. ಅಮ್ಮನ್ನ ಒಂದು ಮಾತು ಕೇಳೇ ಇರ್ಲಿಲ್ಲ ಕಣೆ ನಾನು. ನಿನ್ನೆ ಅವಳ ಮುಂದೇನೇ ಓದ್ದೆ, ಆದ್ರೂ ಕೇಳ್ಲಿಲ್ಲ.”

ಮನೆಗೆ ಬಂದರೆ ಒಳಗಿಂದ ಜಗಳ ಕೇಳಿಸುತ್ತಿತ್ತು. “ಎಲೆ ಬಚ್ಚಿಟ್ಟಿದೀರಿ!” ಎಂದು ಪೋಸ್ಟ್ ಮಾಸ್ತರಮ್ಮ, “ಸೋಲೋಕೆ ಬರ್ದಿದ್ರೆ ಆಡೋಕೆ ಬರ್ಬೇಡಿ,” ಎಂದು ಅಮ್ಮ. ಭಾವ ಬಾಗಿಲಲ್ಲೇ ಸೀಟಿ ಊದಿ ಅಕ್ಕನನ್ನು ಬರಮಾಡಿಕೊಂಡರು. ಗಲಾಟೆಯ ನಡುವೆ ಅಮ್ಮ ನನ್ನ ತೋಳು ಹಿಡಿದು ಕೇಳಿದಳು: “ಹೇಗೆ ತಪ್ಪಿಸಿದೆ?”

“ಅವಳೇ ಹೇಳ್ಲಿಲ್ಲ ಅಮ್ಮ,” ಎಂದೆ. ಅದು ಸುಳ್ಳಲ್ಲ. ಅಮ್ಮ ಬಾಗಿಲ ಬಳಿ ನಗುತ್ತಿದ್ದ ಮಗಳನ್ನು ಸ್ವಲ್ಪ ಹೊತ್ತು ನೋಡುತ್ತಿದ್ದಳು. ಅಮ್ಮನ ಮುಖ ಅಷ್ಟು ಹಗುರಾದದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಕಾರ್ಡು ಇನ್ನೂ ನನ್ನ ಚೀಲದ ತಳದಲ್ಲಿತ್ತು. ನಾನು ನಿಜ ಹೇಳಿಬಿಟ್ಟರೆ ಅಕ್ಕ, ತಾನು ಎದ್ದು ನಿಂತು ಬಾಯಿ ಮುಚ್ಚಿದ ಆ ಗಳಿಗೆಯೂ ತನ್ನದಲ್ಲ ಎಂದುಕೊಳ್ಳುತ್ತಾಳೆ. ಅಮ್ಮ ತನ್ನ ಆದೇಶದಿಂದ ನಡೆಯಿತು ಎಂದುಕೊಳ್ಳುತ್ತಾಳೆ, ಮಗಳೇ ತಡೆದಳು ಎಂದಲ್ಲ. ಹೇಳದಿದ್ದರೆ ನಷ್ಟ ನನ್ನ ನಿದ್ದೆಗೆ ಮಾತ್ರ. ಅದು ಹೇಗೂ ಸರಿಯಾಗಿ ಬರುವುದಿಲ್ಲ.

ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು, ಒಲೆಯ ಉರಿ ಹೊಂದಿಸುತ್ತಾ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ.