ಏಳು ವರ್ಷದ ಬೇಡಿಕೆ

ಟೈಲರಮ್ಮನೂ ಬೇಕರಿಯ ಅಕ್ಕನೂ ಏಳು ವರ್ಷದಿಂದ ಪ್ರತಿ ಬೆಳಿಗ್ಗೆ ಹೊಲಿಗೆ ಯಂತ್ರದ ಪಕ್ಕ ಕೈ ಹಿಡಿದು ಪ್ರಾರ್ಥಿಸುತ್ತಿದ್ದರು. ಬೇಡಿಕೆ ಒಂದೇ: ಮನೆ ಬಿಟ್ಟುಹೋದ ಅಕ್ಕನ ಮಗ ಮರಳಿ ಬರಲಿ.

ಆ ದಿನ ಟೈಲರಮ್ಮ "ಕರ್ತನೇ" ಎನ್ನುವಷ್ಟರಲ್ಲಿ ಅಕ್ಕ ತಡೆದಳು.

"ಅವನಾಗೇ ಹೋಗಲಿಲ್ಲ ಕಣೇ. ನಾನೇ ಆಚೆಗೆ ಹಾಕಿದ್ದು. ಬರ್ತೀನಮ್ಮ ಅಂತ ಮೂರು ಕಾಗದ ಬರೆದ. ನಾನು ಉತ್ತರ ಕೊಡಲಿಲ್ಲ."

ಟೈಲರಮ್ಮ ಹಿಡಿದಿದ್ದ ಕೈ ತಾನಾಗಿಯೇ ಜಾರಿತು. ಆ ಹುಡುಗನಿಗಾಗಿ ಅವಳು ಎಷ್ಟೋ ಶುಕ್ರವಾರ ಉಪವಾಸವಿದ್ದಳು.

"ದೇವರ ಮುಂದೆ ನನ್ನ ಕೈಲಿ ಸುಳ್ಳು ಹೇಳಿಸಿದ್ರಾ ಅಕ್ಕಾ?"

"ಬರಲಿ ಅಂದಿದ್ದು ಸುಳ್ಳಲ್ಲ. ಅವನಿಗೆ ಮುಖ ತೋರಿಸೋ ಧೈರ್ಯ ನನಗಿರಲಿಲ್ಲ."

ಟೈಲರಮ್ಮ ಬಟ್ಟೆ ಸರಿಸಿ, ಹಾಳೆ, ಪೆನ್ನು ಮುಂದಿಟ್ಟಳು.

"ಮೊದಲು ಅವನಿಗೆ ಬರೀರಿ. ಪ್ರಾರ್ಥನೆ ಆಮೇಲೆ."